ಬೂಲಾಕ್ ಪೇಟೆಯ ಹಿತ್ತಾಳೆ ಹಲ್ಲು

ಕೈರೋದಲ್ಲಿ ನನ್ನ ಮೀಸೆಗಿಂತ ಉದ್ದವಾದದ್ದು ನೈಲ್ ನದಿ ಒಂದೇ. ಅದೂ ಸಮುದ್ರದ ಹತ್ತಿರ ಎಡಕ್ಕೊಂದು ಬಲಕ್ಕೊಂದು ಸೀಳಿಕೊಂಡಿರುವುದು ನನ್ನ ಮೀಸೆಯನ್ನು ನೋಡಿಯೇ. ಅಂಥ ಮೀಸೆಯನ್ನು ನಾನು ಒಂದು ಹಳೇ ಬೈಕಿನ ಮೇಲೆ ಪಣಕ್ಕಿಟ್ಟೆ.

ಬೈಕು ಬೆಂದ ಕಾಳು ಮಾರುವ ಹಾಜಿ ಶವಾದ್ಫಿಯದು. ಇಂಗ್ಲಿಷ್ ಸೈನ್ಯ ಬಿಟ್ಟುಹೋದ ಗಾಡಿ, ಪಕ್ಕಕ್ಕೆ ತೊಟ್ಟಿಲಿನಂಥ ಸೈಡ್‌ಕಾರ್. ದಿನಾ ಬೆಳಿಗ್ಗೆ ಆ ತೊಟ್ಟಿಲಲ್ಲಿ ಕಾಳಿನ ಗಡಿಗೆ ಕೂತು ಬರುತ್ತಿತ್ತು. ಹಾಜಿಯ ಹೆಂಡತಿ ಮದುಮಗಳಾಗಿ ಬಂದದ್ದೂ ಅದರಲ್ಲೇ. ಆಕೆ ಈಗಿಲ್ಲ. ಮಗಳು ನವ್ವಾರಾಳ ಮದುವೆ ಗುರುವಾರ. ಅಮ್ಮ ಬಂದ ಗಾಡಿಯಲ್ಲೇ ತಾನು ಹೋಗಬೇಕೆಂದು ಅವಳ ಹಟ.

ಗಾಡಿಯೋ, ನನ್ನ ಗ್ಯಾರೇಜಿನಲ್ಲಿ ಉಸಿರಿಲ್ಲದೆ ನಿಂತಿತ್ತು. ಕಿಡಿ ಹುಟ್ಟಿಸುವ ಯಂತ್ರವನ್ನು ತಿರುಗಿಸುವ ಹಿತ್ತಾಳೆ ಚಕ್ರದ ಒಂದು ಹಲ್ಲು ಮುರಿದಿತ್ತು. ಅಪ್ಪ ಮಗಳು ಅದನ್ನು ನೋಡುತ್ತ ನಿಂತಿದ್ದಾಗ, ವರನ ದೊಡ್ಡಪ್ಪ ಬಯ್ಯೂಮಿ ಪಳಪಳ ಹೊಳೆಯುವ ಕಾರಿನಿಂದ ಇಳಿದ.

"ಗಡಿಗೆ ಕೂರೋ ಜಾಗದಲ್ಲಿ ಮದುಮಗಳನ್ನ ಕೂರಿಸ್ತೀರಾ ಹಾಜಿ? ಅದೂ ಕದಲದೇ ಇರೋ ಗಾಡೀಲಿ? ನನ್ನ ಕಾರು ಕಳಿಸ್ತೀನಿ ಬಿಡಿ."

ಹಾಜಿ ತಲೆ ತಗ್ಗಿಸಿದ. ನವ್ವಾರಾ ನನ್ನ ಕಡೆ ತಿರುಗಿದಳು. "ಗಂದೂರ್ ಮಾಮ, ಓಡುತ್ತೆ ತಾನೆ?"

"ಗುರುವಾರ ಮೆರವಣಿಗೆ ಮುಂದೆ ಇದು ಓಡಲಿಲ್ಲ ಅಂದ್ರೆ ನಡುಬೀದೀಲಿ ಮೀಸೆ ಬೋಳಿಸ್ಕೋತೀನಿ ಕಣಮ್ಮ!"

"ಕತ್ತಿ ನಾನೇ ತರ್ತೀನಿ ಉಸ್ತಾ," ಎಂದ ಬಯ್ಯೂಮಿ. ನಮ್ಮೂರಲ್ಲಿ ಮೆಕ್ಯಾನಿಕ್ಕನ್ನು ಕರೆಯುವುದೇ ಉಸ್ತಾ ಎಂದು.

ಮುರಿದ ಚಕ್ರ ಹಿಡಿದು ಬೂಲಾಕ್‌ನ ಹಳೇ ಸಾಮಾನಿನ ಪೇಟೆಗೆ ಹೋದೆ. ಅಲ್ಲಿ ಫೇರೋ ದೊರೆಯ ರಥದ ಗಾಲಿಯೂ ಸಿಗುತ್ತದೆ, ಎಡಗಡೆಯದೋ ಬಲಗಡೆಯದೋ ಎಂದು ಮೊದಲೇ ಹೇಳಬೇಕು ಅಷ್ಟೆ. ಇನ್ನೊಂದು ವಿಷಯ, ಆ ಪೇಟೆಯಲ್ಲಿ ಯಾರೂ ಗಿರಾಕಿಗೆ 'ಇಲ್ಲ' ಅನ್ನುವುದಿಲ್ಲ. ಅಂದರೆ ಅಂಗಡಿಯ ಮಾನ ಹೋದಂತೆ. ಸಾಮಾನು ಇಲ್ಲದಿದ್ದರೆ ಗಿರಾಕಿಯ ಕೈಗೆ ಚಹಾ ಕೊಟ್ಟು, ಮಾದರಿ ಹಿಡಿದುಕೊಂಡು ಹಿಂಬಾಗಿಲಿನಿಂದ ಪಕ್ಕದ ಅಂಗಡಿಗೆ ಓಡುತ್ತಾರೆ.

ವ್ಯಾಪಾರಿ ಅಬು ಶೂಶಾ ನನ್ನ ಚಕ್ರವನ್ನು ಅಂಗೈಯಲ್ಲಿ ತೂಗಿದ. "ಇದೇನ್ ಮಹಾ! ಒಳಗೆ ರಾಶಿ ಬಿದ್ದಿವೆ. ಮಾದರಿ ಬಿಟ್ಟು ಹೋಗು, ಬುಧವಾರ ಬಾ."

ಬುಧವಾರ ಎಣ್ಣೆಕಾಗದ ಬಿಚ್ಚಿ ತೋರಿಸಿದ. ಬಂಗಾರದಂಥ ಚಕ್ರ, ಎಲ್ಲ ಹಲ್ಲೂ ಇದ್ದವು. "ನೇರ ಇಂಗ್ಲೆಂಡಿಂದು! ನಿನ್ನೆ ಹಡಗಿಂದ ಇಳೀತು."

ತಿರುಗಿಸಿ ನೋಡಿದೆ. ಹಿಂಭಾಗದಲ್ಲಿ ಪುಟ್ಟ ಮೀಸೆಯ ಗುರುತು! ನನ್ನ ಕೈ ಹಾದುಹೋಗುವ ಪ್ರತಿ ಸಾಮಾನಿಗೂ ನಾನು ಒತ್ತುವ ಗುರುತು ಅದು.

"ಲೋ, ಇಂಗ್ಲೆಂಡಿನವ್ರೂ ನನ್ನ ಮೀಸೆ ಬಿಡೋಕೆ ಶುರು ಮಾಡಿದ್ರಾ? ನನ್ನ ಚಕ್ರಾನೇ ನನಗೆ ಮಾರ್ತೀಯಾ?"

"ನಾನು ಹೇಳಿದ್ದು ಸುಳ್ಳಾದ್ರೆ ನನ್ನ ಹೆಂಡ್ತಿಗೆ ಮೂರು ತಲಾಕ್!"

ಮೇಲಿನ ಕಿಟಕಿಯಿಂದ ಅವನ ಹೆಂಡತಿ ಕೂಗಿದಳು. "ಮೊದ್ಲು ಹೋದ ವಾರದ ತಲಾಕ್ ತೀರ್ಸು!"

ಕತ್ತಿನಪಟ್ಟಿ ಹಿಡಿದಾಗ ಬಾಯಿಬಿಟ್ಟ. 'ಇಲ್ಲ' ಅನ್ನಲಾರದೆ ಅವನು ಚಕ್ರವನ್ನು ಬೆಸುಗೆಯ ಹಿಂದಾವಿಗೆ ಕೊಟ್ಟಿದ್ದ. ಅವನಿಗೂ 'ಇಲ್ಲ' ಅನ್ನಲು ಬಾಯಿ ಬರಲಿಲ್ಲ. ಮುರಿದ ಜಾಗಕ್ಕೆ ಹಿತ್ತಾಳೆ ಕರಗಿಸಿ ತುಂಬಿ, ಲೇತಿನ ಅಯ್ಯೂತಿಗೆ ದಾಟಿಸಿದ್ದ. ಅಯ್ಯೂತಿ ಹಲ್ಲು ಕೊರೆದು, ಅರದಿಂದ ಉಜ್ಜಿ, 'ಇಂಗ್ಲೆಂಡಿನದು' ಎಂದು ಹೇಳಿ ಅಬು ಶೂಶಾನಿಗೇ ಮಾರಿದ್ದ!

ಇಬ್ಬರನ್ನೂ ಕರೆಸಿದೆ. ಬೈಯಲು ಬಾಯಿ ತೆರೆದವನು, ಸುಮ್ಮನೆ ಒಮ್ಮೆ ಉಗುರಿನಿಂದ ಹಲ್ಲುಗಳನ್ನು ಸವರಿದೆ. ಹೊಸ ಹಲ್ಲು ಯಾವುದೆಂದು ನನಗೇ ತಿಳಿಯಲಿಲ್ಲ. ಕೋಪ ಎಲ್ಲಿ ಹೋಯಿತೋ.

"ತಡ್ಕೊಳ್ಳುತ್ತೇನ್ರೋ?"

"ಮುರಿದ್ರೆ ನಿನ್ನ ಮೀಸೆ ಜೊತೆ ನಂದೂ ಬೋಳ್ಸು," ಎಂದ ಅಯ್ಯೂತಿ.

"ನಂದೂ," ಎಂದ ಹಿಂದಾವಿ.

ಅಬು ಶೂಶಾನಿಗೆ ಮೀಸೆಯೇ ಇಲ್ಲ. "ನನ್ನ ಹುಬ್ಬು ತಗೋ ಅಣ್ಣ!"

ಗುರುವಾರ ಒಂದೇ ಒದೆತಕ್ಕೆ ಗಾಡಿ ಗುಡುಗಿತು. ಬೂಲಾಕ್‌ನ ಪಾರಿವಾಳಗಳೆಲ್ಲ ಗೀಜಾಕ್ಕೆ ಹಾರಿಹೋದವು. ಅಲ್ಲಿ ಸ್ಫಿಂಕ್ಸ್ ಕಿವಿ ಮುಚ್ಚಿಕೊಳ್ಳಲು ಕೈ ಎತ್ತಿತ್ತಂತೆ, ನೋಡಿದವರಿದ್ದಾರೆ. ಹಾಜಿ ಹ್ಯಾಂಡಲ್ ಹಿಡಿದ. ನವ್ವಾರಾ ತೊಟ್ಟಿಲಲ್ಲಿ ರಾಣಿಯ ಹಾಗೆ ಕೂತಳು. ಆ ಹಲ್ಲಿನ ಸದ್ದಿಗೆ ಕಿವಿ ಕೊಟ್ಟು ನಾವು ನಾಲ್ವರೂ ಹಿಂದೆಯೇ ನಡೆದೆವು. ಪಣದ ಸುದ್ದಿ ಪೇಟೆಗೆಲ್ಲ ಹರಡಿತ್ತು. ಟೈರಿನವರು, ಬಣ್ಣದವರು, ಸ್ಪ್ರಿಂಗಿನವರು ಎಲ್ಲ ಅಂಗಡಿ ಮುಚ್ಚಿ ಬಂದು ಸೇರಿಕೊಂಡರು. ಬಯ್ಯೂಮಿಯ ಕಾರು ಆ ಗುಂಪಿನಲ್ಲಿ ಸಿಕ್ಕಿಕೊಂಡು ಬಾಲಕ್ಕೆ ಬಿತ್ತು.

ಸೇತುವೆಯ ಏರಿನಲ್ಲಿ ಬೈಕು ತೊದಲಿತು. ಮೆರವಣಿಗೆಯ ಡೋಲು ನಿಂತಿತು. ನನ್ನ ಕೈ ತಾನಾಗಿಯೇ ಮೀಸೆಗೆ ಹೋಯಿತು. ಹಾಜಿ ಮೆಲ್ಲಗೆ ಹ್ಯಾಂಡಲಿನ ಕಿವಿ ಹಿಂಡಿದ. ಹಲ್ಲು ಕಚ್ಚಿ ಹಿಡಿಯಿತು, ಗಾಡಿ ಗುಡುಗುತ್ತ ಏರು ಹತ್ತಿತು. ಹೆಂಗಸರು ನಾಲಿಗೆ ಆಡಿಸಿ ಹಾಕಿದ ಮದುವೆಯ ಕೇಕೆಗೆ ನೈಲಿನ ನೀರೇ ನಡುಗಿತು.

ಸೇತುವೆಯ ತುದಿಯಲ್ಲಿ ನವ್ವಾರಾ ತಿರುಗಿ ನೋಡಿದಳು. "ಮಾಮ, ಅಮ್ಮನ ಹಿಂದೆ ಇಷ್ಟೊಂದು ಜನ ಬಂದಿದ್ರಾ?"

"ನಿಮ್ಮಮ್ಮನ ಹಿಂದೆ ಬಂದಿದ್ದು ನೆಂಟರು ಕಣಮ್ಮ. ನಿನ್ನ ಹಿಂದೆ ಬೂಲಾಕ್ ಪೇಟೇನೇ ಬಂದಿದೆ!"

ಊಟದ ಹೊತ್ತಿಗೆ ಬಯ್ಯೂಮಿ ಮೆಲ್ಲಗೆ ನಮ್ಮ ಪಕ್ಕ ಬಂದು ಕೂತ. ಕತ್ತಿ ಎಲ್ಲೆಂದು ಕೇಳಿದೆ. ಅವನು ತನ್ನ ತಟ್ಟೆಯನ್ನು ನನ್ನತ್ತ ಸರಿಸಿದ.

"ಉಸ್ತಾ, ನಮ್ಮಪ್ಪನದೊಂದು ಹಳೇ ಬೈಕು ಮೂಲೇಲಿ ಬಿದ್ದಿದೆ. ಅದರ ಸಾಮಾನು ಈಗೆಲ್ಲಿ ಸಿಗುತ್ತೆ..."

ಪಾಪ, ಪೂರ್ತಿ ಹೇಳಲೂ ಬಿಡದೆ ನಾವು ನಾಲ್ವರೂ ಒಟ್ಟಿಗೇ ಅಂದೆವು: "ರಾಶಿ ಬಿದ್ದಿವೆ! ಬುಧವಾರ ಬಾ!"