ಬಾಲದ ಚೂರಿ

ಹುಟ್ಟಿದಂದಿನಿಂದ ಮೀನು ಮುಟ್ಟದ ಮನುಷ್ಯ ನನಗೆ ಮೀನಿನ ಪಾಠ ಹೇಳುವುದೇ? ಈಗ ನೆನೆದರೂ ಮೈ ಉರಿಯುತ್ತದೆ.

ಭಾನುವಾರ ಬೆಳಿಗ್ಗೆ ನಮ್ಮ ಮನೆಯಿರುವ ರೌಸ್ ಹಿಲ್‌ನಿಂದ ಮಗಳು ನವ್ಯಾಳನ್ನು ಕರೆದುಕೊಂಡು ಸಿಡ್ನಿಯ ಬಂಡೆ ತೀರಕ್ಕೆ ಹೋಗಿದ್ದೆ. ಪಕ್ಕದ ಮನೆಯ ಚಂದ್ರಶೇಖರ್, ಮೈಸೂರಿನವರು, ಬರಿದೇ ಗಾಳಿ ಕುಡಿಯಲು ಜೊತೆಗೆ ಬಂದಿದ್ದರು. ಪಾಚಿ ಸಿಕ್ಕಿಸಿದ ಗಾಳಕ್ಕೆ ಒಂದು ಬೂದು ಮೀನು ಬಿತ್ತು. ಬಾಲದ ಬುಡದ ಎರಡೂ ಕಡೆ ಕಪ್ಪು ಚೂರಿಗಳ ಸಾಲು. ಸರ್ಜನ್ ಮೀನು, ಸಂಶಯವೇ ಇಲ್ಲ! ಮಲ್ಪೆಯಲ್ಲಿ ಮೀನು ಮಾರುತ್ತಿದ್ದ ನನ್ನ ಅಮ್ಮನ ಅಂಗೈಯಲ್ಲಿ ಇಂಥದೇ ಬಾಲ ಕೊಯ್ದ ಗೆರೆ ಸಾಯುವವರೆಗೂ ಇತ್ತು. ಆಮೇಲಿನಿಂದ ನಮ್ಮ ಮನೆಯಲ್ಲಿ ಈ ಮೀನು ಬಂದರೆ ಮೊದಲು ಬಾಲ ಕತ್ತರಿಸುವುದು, ಉಳಿದದ್ದೆಲ್ಲ ನಂತರ. ನವ್ಯಾ ಕೈ ಚಾಚಿದ್ದೇ ತಡ, ಕಚಕ್ಕನೆ ಕತ್ತರಿಸಿ ಬಾಲವನ್ನು ಕೆಳಗಿನ ಬಂಡೆಗೆ ಎಸೆದೆ.

ಚಂದ್ರಶೇಖರ್ ಫೋನ್ ಹಿಡಿದು ಬಂದು ಬಾಲವಿಲ್ಲದ ಮೀನಿನ ಫೋಟೊ ತೆಗೆದರು. "ಆ್ಯಪ್ ಇದನ್ನ ಲುಡರಿಕ್ ಅನ್ನೋ ಬೇರೆ ಮೀನು ಅಂತಿದೆ ಕಣ್ರೀ. ಇಲ್ಲಿನ ಕಾನೂನಿನ ಪ್ರಕಾರ ಅದನ್ನ ಹಿಡಿಯೋಕೆ ಇಪ್ಪತ್ತೇಳು ಸೆಂಟಿಮೀಟರ್ ಆದ್ರೂ ಇರ್ಬೇಕು. ಸೈಜ್ ಸಾಲ್ದು ಅನ್ನೋದು ಗೊತ್ತಾಗ್ಬಾರ್ದು ಅಂತ ತಾನೇ ಬಾಲ ಕಟ್ ಮಾಡಿದ್ದು?"

"ಎಂತ ಮಾತು ಮಾರಾಯ್ರೆ! ಅಳತೆಯಲ್ಲಿ ಮೋಸ ಮಾಡ್ಲಿಕ್ಕೆ ಬಾಲ ಕತ್ತರಿಸುವವನಾ ನಾನು?"

ನಮ್ಮ ಜಗಳದ ಸದ್ದಿಗೇ ಇರಬೇಕು, ಮೀನುಗಾರಿಕೆ ಇಲಾಖೆಯ ಆಫೀಸರಮ್ಮ ಅಳತೆಪಟ್ಟಿ ಹಿಡಿದು ಬಂದರು. ಬಾಲವಿಲ್ಲದ ಮೀನು ಇಪ್ಪತ್ತಮೂರಕ್ಕೆ ನಿಂತಿತು. ಲುಡರಿಕ್ ಆಗಿದ್ದರೆ ದಂಡ ಬೀಳುತ್ತದೆ, ಬಾಲದ ಗುರುತು ನೋಡದೆ ಖಚಿತವಾಗಿ ಹೇಳಲಾರೆ, ಬಾಲ ಎಲ್ಲಿ ಎಂದು ಕೇಳಿದರು. ಎಸೆದೆ ಎಂದರೆ ಯಾರು ನಂಬುತ್ತಾರೆ? ಚಂದ್ರಶೇಖರ್ ಆಕಾಶ ನೋಡುತ್ತಾ ನಿಂತಿದ್ದರು, ಪುಣ್ಯಾತ್ಮ! ದಂಡ ಹಾಳಾಗಲಿ, ಮಗಳ ಎದುರಿಗೆ ಕಳ್ಳನಾದೆನಲ್ಲ!

ಅವಳ ಕಡೆ ತಿರುಗಿದರೆ ಅವಳಿಲ್ಲ. ಕೆಳಗಿನ ಬಂಡೆಯಿಂದ ಏದುಸಿರು ಬಿಡುತ್ತಾ ಹತ್ತಿ ಬರುತ್ತಿದ್ದಳು. ಬಂದವಳೇ ಬಿಗಿಹಿಡಿದ ಮುಷ್ಟಿಯನ್ನು ಆಫೀಸರಮ್ಮನ ಮುಂದೆ ಬಿಚ್ಚಿದಳು.

ಆಕೆ ಅದರಲ್ಲಿದ್ದ ಬಾಲದ ಚೂರಿಗಳನ್ನು ಎಣಿಸಿ, ಇದು ಸರ್ಜನ್ ಮೀನೇ, ಆ ಇಪ್ಪತ್ತೇಳರ ಲೆಕ್ಕ ಇದಕ್ಕಿಲ್ಲ ಎಂದರು. ಇನ್ನು ಮುಂದೆ ಇಲ್ಲಿ ಕತ್ತರಿಸಬೇಡಿ, ಇಡಿಯಾಗಿ ಮನೆಗೆ ಒಯ್ಯಿರಿ ಎಂದೂ ಹೇಳಿದರು. ಚಂದ್ರಶೇಖರ್ ಸಾರಿ ಎಂದರಂತೆ. ನನಗೆ ಕೇಳಿಸಲಿಲ್ಲ. ನವ್ಯಾಳ ಅಂಗೈಯಿಂದ ರಕ್ತ ಇಳಿಯುತ್ತಿತ್ತು, ನನ್ನ ಅಮ್ಮನಿಗೆ ಕೊಯ್ದಿದ್ದ ಜಾಗದಲ್ಲೇ.

"ಅದನ್ನ ಯಾಕೆ ಮುಟ್ಟಿದ್ದು ನೀನು? ನಿನ್ನ ಕೈ ಉಳೀಲಿ ಅಂತಲೇ ಅಲ್ವಾ ನಾನು ಕತ್ತರಿಸಿದ್ದು!" ಎಂದು ಕಿರುಚಿದೆ.

"ದೇ ವರ್ ಕಾಲಿಂಗ್ ಯು ಎ ಲೈಯರ್, ಪಪ್ಪ," ಎಂದಳು.