ತೊಳೆದ ಮಾಸ್ಕು

ಮೇಸ್ತ್ರಿಯ ಬಾಮೈದ ಮಲಗುವುದನ್ನೇ ಬಿಟ್ಟಿದ್ದ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಗೋಡೆಗೆ ಒರಗಿ, ತೊಡೆಯ ಮೇಲೆ ದಿಂಬಿಟ್ಟು, ಅದಕ್ಕೆ ಗಲ್ಲ ಊರಿ ಕೂತಲ್ಲೇ ತೂಕಡಿಸುತ್ತಿದ್ದ. ಕಲ್ಲಿನ ಚಪ್ಪಡಿಯನ್ನು ಒಬ್ಬನೇ ಬೆನ್ನಿಗೇರಿಸಿಕೊಂಡು ಮಹಡಿ ಹತ್ತುತ್ತಿದ್ದ ಆಳು. ಈಗ ಚೊಂಬು ಎತ್ತಿ ನೀರು ಕುಡಿಯುವಷ್ಟರಲ್ಲಿ ಏದುಸಿರು ಬಿಡುತ್ತಿದ್ದ.

ಮೇಸ್ತ್ರಿಗೆ ಆ ಕೋಣೆಗೆ ಕಾಲಿಡಲು ಧೈರ್ಯ ಸಾಲುತ್ತಿರಲಿಲ್ಲ. ಬಾಗಿಲಲ್ಲೇ ನಿಂತು, "ಊಟ ಆಯ್ತೇನೋ?" ಅಂತ ಕೇಳಿ ತಲೆತಪ್ಪಿಸಿಕೊಂಡು ಹೋಗುತ್ತಿದ್ದ. ಹೆಂಡತಿಯ ಒಡಹುಟ್ಟಿದವನನ್ನು ಕಲ್ಲಿನ ಶೆಡ್ಡಿಗೆ ಸೇರಿಸಿದ್ದು ತಾನೇ. ಅಷ್ಟೇ ಆಗಿದ್ದರೆ ಹಣೆಬರಹ ಅಂದುಕೊಂಡು ಸುಮ್ಮನಿರಬಹುದಿತ್ತು. ತಪ್ಪು ಅದಕ್ಕಿಂತ ದೊಡ್ಡದಿತ್ತು.

ಶೆಡ್ಡಿನಲ್ಲಿ ಕೊಯ್ಯುತ್ತಿದ್ದುದು ಉಳ್ಳವರ ಅಡುಗೆಕಟ್ಟೆಯ ಕಲ್ಲು. ಕಲ್ಲಿನ ಪುಡಿಗೆ ಅಂಟು ಬೆರೆಸಿ ಕಾರ್ಖಾನೆಯಲ್ಲಿ ಮಾಡಿದ ಚಪ್ಪಡಿಗಳು. ಮೊದಲೆಲ್ಲ ಗರಗಸದ ಮೇಲೆ ಕೊಳವೆಯಿಂದ ನೀರು ಸುರಿಯುತ್ತಿತ್ತು. ಧೂಳು ಏಳದೆ ಕೆಸರಾಗಿ ಕಾಲಡಿ ಹರಿಯುತ್ತಿತ್ತು. ಆ ನೀರಿಗೆ ಟ್ಯಾಂಕರ್ ತರಿಸಬೇಕು, ಆ ಕೆಸರು ಬಳಿಯಲು ಆಳು ಇಡಬೇಕು. ಟ್ಯಾಂಕರ್ ಬಂದಾಗಲೆಲ್ಲ ಧಣಿಯ ಮುಖ ಹರಳೆಣ್ಣೆ ಕುಡಿದ ಹಾಗಾಗುತ್ತಿತ್ತು.

ಒಂದು ದಿನ ಅವನು ಹೊಸ ಮಾಸ್ಕುಗಳನ್ನು ತಂದ. ತಲೆಗೊಂದರಂತೆ ಹಂಚಿದ. ಅದರ ಬೆನ್ನಿಗೇ ಪತ್ರಿಕೆಯ ವಿಜ್ಞಾನ ಪುಟಕ್ಕೆ ಬರೆಯುವ ಮೇಡಂ ಬಂದರು. ಮೇಸ್ತ್ರಿ ಆಗಿನ್ನೂ ಮೇಸ್ತ್ರಿಯಲ್ಲ, ಬರೀ ಕಲ್ಲು ಕೊಯ್ಯುವವನು. ಆದರೆ ಮಾತಿನಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಧಣಿ ಅವನನ್ನೇ ಮುಂದೆ ತಳ್ಳಿದ.

"ಇದು ಬಂದ ಮೇಲೆ ಕೆಮ್ಮು ಅನ್ನೋದೇ ಇಲ್ಲ ಮೇಡಂ. ದಿನಾ ಸಂಜೆ ಸೋಪು ಹಾಕಿ ತೊಳೆದು ಹಗ್ಗಕ್ಕೆ ಹಾಕ್ತೀವಿ. ತಿಂಗಳುಗಟ್ಟಲೆ ಬರುತ್ತೆ."

ಕೆಮ್ಮಿನ ಮಾತು ಧಣಿ ಹೇಳಿಕೊಟ್ಟದ್ದು. ತೊಳೆಯುವ ಉಪಾಯ ಮಾತ್ರ ಮೇಸ್ತ್ರಿಯ ಸ್ವಂತದ್ದು. ಬಟ್ಟೆ ಅಂದಮೇಲೆ ತೊಳೆಯಬೇಡವೇ? ಶೆಡ್ಡಿನವರಿಗೆಲ್ಲ ಅವನೇ ಹೇಳಿಕೊಟ್ಟಿದ್ದ, ಹಗ್ಗವನ್ನೂ ಅವನೇ ಕಟ್ಟಿದ್ದ.

ಲೇಖನ ಸೊಗಸಾಗಿತ್ತು. ಕಲ್ಲಿಗೆ ಕಲ್ಲು ಕುಟ್ಟಿ ಮೊದಲ ಆಯುಧ ಮಾಡಿದ ಆದಿಮಾನವನಿಂದ ಶುರುವಾಗಿ ಈ ಶೆಡ್ಡಿಗೆ ಬಂದು ನಿಂತಿತ್ತು. ಕೆಮ್ಮಿಲ್ಲ ಅನ್ನುವುದು, ಮಾಸ್ಕು ತೊಳೆಯುವ ಉಪಾಯ, ಎರಡೂ ಹೇಳಿದ ಹಾಗೇ ಅಚ್ಚಾಗಿದ್ದವು. ಪಕ್ಕದಲ್ಲಿ ಅರ್ಧ ಪುಟದ ಫೋಟೊ. ಮನುಕುಲದ ಇಷ್ಟು ದೊಡ್ಡ ಪಯಣಕ್ಕೆ ತಾನೇ ಯಜಮಾನ ಅನ್ನುವ ಹಾಗೆ ಎದೆಯುಬ್ಬಿಸಿ ನಿಂತಿದ್ದ ನಮ್ಮ ಮಹಾಶಯ. ಧಣಿ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ. ಅವನನ್ನು ಮೇಸ್ತ್ರಿ ಮಾಡಿದ. ಮರುವಾರ ಟ್ಯಾಂಕರ್ ನಿಲ್ಲಿಸಿದ.

"ಪೇಪರ್‌ನಲ್ಲೇ ಬಂದಿದೆಯಲ್ಲ, ಮಾಸ್ಕು ಸಾಕು ಅಂತ. ಇನ್ನು ನೀರು ಯಾಕೆ?"

ಮೇಸ್ತ್ರಿ ಹಲ್ಲು ಕಿರಿದು ಸುಮ್ಮನಾದ. ಹೊಸ ಹುದ್ದೆಯ ಅಮಲು ಇನ್ನೂ ಇಳಿದಿರಲಿಲ್ಲ.

ಬಾಮೈದನ ಎದೆಯ ಎಕ್ಸ್‌ರೇ ತೆಗೆಸಿದ ದಿನ ಅದು ಇಳಿಯಿತು. ದೊಡ್ಡಾಸ್ಪತ್ರೆಯ ಡಾಕ್ಟರು, ಶ್ವಾಸಕೋಶದ ತುಂಬ ಕಲ್ಲಿನ ಧೂಳು ಅಂದು, ಮಾಸ್ಕನ್ನು ಕೈಯಲ್ಲಿ ತಿರುಗಿಸಿ ನೋಡಿದರು.

"ಸಣ್ಣ ಧೂಳನ್ನ ಹಿಡಿಯೋದು ಈ ಬಟ್ಟೆಯಲ್ಲಿರೋ ವಿದ್ಯುತ್ತು, ತಲೆ ಬಾಚಿದ ಬಾಚಣಿಗೆ ಕಾಗದದ ಚೂರು ಎಳೆಯುತ್ತಲ್ಲ, ಅಂಥದ್ದು. ಸೋಪು ಹಾಕಿ ತೊಳೆದ್ರೆ ಅದು ಹೋಗುತ್ತೆ. ಆಮೇಲೆ ಬಾಯಿಗೆ ಕರ್ಚೀಫು ಕಟ್ಟಿಕೊಂಡ ಹಾಗೇ. ತೊಳೀರಿ ಅಂತ ಯಾರು ಹೇಳಿದ್ದು?"

ಮೇಸ್ತ್ರಿಯ ಪಕ್ಕದಲ್ಲಿ ಹೆಂಡತಿ ಕೂತಿದ್ದಳು.

"ಪೇಪರ್‌ನಲ್ಲಿ ಬಂದಿತ್ತು ಸಾರ್," ಅಂದ ಬಾಮೈದ.

ಅಕ್ಕನ ಮುಂದೆ ಭಾವನ ಮಾನ ಹೋಗಬಾರದೆಂದು ಅಂದ ಮಾತು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಂದಿನಿಂದ ಮೇಸ್ತ್ರಿ ಅವನ ಕೋಣೆಯ ಬಾಗಿಲು ದಾಟಲಿಲ್ಲ.

ಮೇಡಂ ಮತ್ತೆ ಬಂದರು. ಶೆಡ್ಡಿಗೆ ತರಿಸಿದ್ದ ಗಣಕಯಂತ್ರ ನಡೆಸುವ ಹೊಸ ಗರಗಸದ ಬಗ್ಗೆ ಬರೆಯುವುದಿತ್ತು. ಧಣಿ ಹಲ್ಲು ಬಿಡುತ್ತ, "ನಮ್ಮ ಮೇಸ್ತ್ರೀನೇ ಹೇಳ್ತಾನೆ ಕೇಳಿ" ಅಂದ.

ಮೇಸ್ತ್ರಿ ಹೇಳಿದ. ತೊಳೆದದ್ದು, ನೀರು ನಿಂತದ್ದು, ಬಾಮೈದ ಕೂತೇ ನಿದ್ದೆ ಮಾಡುವುದು. ಒಳಗೆ ಇನ್ನೂ ನಾಲ್ಕಾರು ಜನ ಕೆಮ್ಮುತ್ತಿರುವುದು. ಕೆಮ್ಮಿಲ್ಲ ಅಂತ ತಾನು ಸುಳ್ಳು ಹೇಳಿದ್ದು. ಮೇಡಂ ಪೆನ್ನು ನಿಂತೇಹೋಯಿತು.

"ತೊಳೀಬಹುದಾ ಅಂತ ನಾನು ಯಾರನ್ನಾದ್ರೂ ಕೇಳಬೇಕಿತ್ತು," ಅಂದರು.

"ಈಗ ಬರೀರಿ ಮೇಡಂ. ನಾನು ಹೇಳಿದ್ದೂ ತಪ್ಪು, ನೀವು ಬರೆದದ್ದೂ ತಪ್ಪು ಅಂತ."

"ಸಂಪಾದಕರನ್ನ ಕೇಳ್ತೀನಿ. ತಿದ್ದುಪಡಿ ಅಂತ ಮೂಲೆಯಲ್ಲಿ ಎರಡು ಸಾಲು ಹಾಕಿಸಬಹುದು."

"ನನ್ನ ಫೋಟೊ ಅರ್ಧ ಪುಟ ಇತ್ತು."

ಧಣಿ ಮೇಸ್ತ್ರಿಯ ತೋಳು ಹಿಡಿದೆಳೆದ. "ಬಾಯಿ ಮುಚ್ಚಿಕೊಂಡು ಒಳಗೆ ನಡಿ. ನಾಳೆಯಿಂದ ಕೆಲಸ ಬೇಕೋ ಬೇಡವೋ?"

ಮೇಸ್ತ್ರಿ ಒಳಗೆ ನಡೆದ. ಗೋಡೆಯ ಮೇಲಿದ್ದ ಕಟ್ಟನ್ನು ಇಳಿಸಿ ಧಣಿಯ ಮೇಜಿನ ಮೇಲೆ ಬೋರಲು ಹಾಕಿದ. ಗರಗಸದ ಮೇಲಿನ ನಲ್ಲಿ ತಿರುಗಿಸಿದ. ತೊಟ್ಟು ನೀರಿಲ್ಲ. ಎಲ್ಲರೂ ಅದನ್ನೇ ನೋಡುತ್ತಿದ್ದರು.

"ನಾನು ಹೇಳಿಕೊಟ್ಟದ್ದು ತಪ್ಪು ಕಣ್ರಪ್ಪ. ಆ ಮಾಸ್ಕು ತೊಳೆದ ದಿನವೇ ಸತ್ತಿದೆ. ನೀರು ಬರೋವರೆಗೂ ನಾನು ಕಲ್ಲು ಕೊಯ್ಯಲ್ಲ."

ಅವನು ತನ್ನ ಗರಗಸ ಆರಿಸಿದ. ಅಂಚು ಉಜ್ಜುವ ಮುದುಕ ಕೆಮ್ಮುತ್ತಲೇ ಅವನನ್ನು ದುರುಗುಟ್ಟಿ ನೋಡಿ, "ಈಗ ಹೇಳ್ತಿದೀಯ" ಅಂದ. ಹಾಗೆ ಅಂದು ತನ್ನ ಯಂತ್ರವನ್ನೂ ಆರಿಸಿದ. ಆಮೇಲೆ ಉಳಿದವರು. ಸದ್ದೆಲ್ಲ ಅಡಗಿದ ಮೇಲೆ ಶೆಡ್ಡಿನಲ್ಲಿ ಕೇಳಿದ್ದು ಬರೀ ಕೆಮ್ಮು. ಧಣಿ ಬಾಗಿಲಲ್ಲಿ ನಿಂತು ಕೂಗಾಡಿದ. ಯಾರೂ ಗುಂಡಿ ಒತ್ತಲಿಲ್ಲ.

ಮನೆಗೆ ಬಂದ ಮೇಸ್ತ್ರಿ ಬಾಗಿಲಲ್ಲಿ ನಿಲ್ಲಲಿಲ್ಲ. ಕೋಣೆಯೊಳಗೆ ಹೋಗಿ ಬಾಮೈದನ ಪಕ್ಕ ನೆಲದ ಮೇಲೆ ಕೂತ. ಹೆಂಡತಿಗೂ ಕೇಳುವ ಹಾಗೆ ಎಲ್ಲವನ್ನೂ ಹೇಳಿದ.

ಬಾಮೈದ ದಿಂಬಿನಿಂದ ಗಲ್ಲ ಎತ್ತಿದ. "ನೀರು ಬಿಟ್ಟರಾ ಭಾವ?"

"ಇಲ್ಲ. ಯಂತ್ರ ಎಲ್ಲ ನಿಲ್ಲಿಸಿದೀವಿ."

ಬಾಮೈದನಿಗೆ ಉಸಿರು ಕೂಡಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

"ಟ್ಯಾಂಕರ್ ನಿಂತ ದಿನವೇ ನಿಲ್ಲಿಸಬೇಕಿತ್ತು," ಅಂದ.