ಒಳಗೆ ಮಡಚಿದ ಬಟ್ಟೆ

ದೊರೆ ಸಾಯುತ್ತಿದೆ ಎಂದು ನಮ್ಮ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ‘ಸ್ವಲ್ಪ ಸುಸ್ತು’ ಎನ್ನುತ್ತಿದ್ದರು.

ದೊರೆ ಅಂದರೆ ನಮ್ಮ ನಾಯಿ. ಕೆಳಗೆ ಅಪ್ಪನ ಟೈಲರ್ ಅಂಗಡಿ, ಮೇಲೆ ಮನೆ. ಬಟ್ಟೆ ಕತ್ತರಿಸುವ ಮೇಜಿನಡಿ ಅದರ ಆಸ್ಥಾನ. ಗಿರಾಕಿಗಳು ಬಂದರೆ ಒಂದು ಕಣ್ಣು ತೆರೆದು ನೋಡಿ, ಇವರಿಂದ ರಾಜ್ಯಕ್ಕೇನೂ ಅಪಾಯವಿಲ್ಲ ಎಂಬಂತೆ ಮತ್ತೆ ಮುಚ್ಚುತ್ತಿತ್ತು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತ ನನಗೆ ಆ ಮೇಜಿನಡಿಯೇ ಆಸರೆ. ಅಲ್ಲಿ ದೊರೆಯ ಪಕ್ಕ ಕೂತು ಗುಂಡಿ ಹಚ್ಚುತ್ತಿದ್ದರೆ, ‘ಮುಂದೇನಮ್ಮ?’ ಎಂದು ಕೇಳುವವರ ಕಣ್ಣಿಗೆ ಬೀಳುತ್ತಿರಲಿಲ್ಲ.

ಚಳಿ ಶುರುವಾದಾಗ ಅದರ ಹಿಂಗಾಲುಗಳು ಸೋತವು. ಯಾರದೋ ಕೋಟು ಹೊಲಿದು ಉಳಿದಿದ್ದ ಉಣ್ಣೆಬಟ್ಟೆಯಲ್ಲಿ ಅಪ್ಪ ಅದಕ್ಕೊಂದು ಅಂಗಿ ಹೊಲಿದರು. ಟೇಪು ಹಿಡಿದು ಎದೆ, ಹೊಟ್ಟೆ, ಕತ್ತಿನ ಅಳತೆ ತೆಗೆದು, ಮದುಮಗನ ಕೋಟಿಗೆ ಪಡುವ ಪಾಡನ್ನೇ ಪಟ್ಟರು.

“ಹೆತ್ತ ತಾಯಿ ಬಟ್ಟೆ ಮೂಲೇಲಿ ಕೊಳೀತಾ ಬಿದ್ದಿದೆ. ನನಗೂ ನಾಲ್ಕು ಕಾಲು ಇದ್ದಿದ್ರೆ ನೀನು ಬೇಗ ಹೊಲೀತಿದ್ದೆ ಅಲ್ವೇನೋ?” ಎಂದು ಅಜ್ಜಿ ಚುಚ್ಚಿದರು.

ಪ್ರಾಣಿಗಳ ಡಾಕ್ಟರಮ್ಮ ಬಂದು ನೋಡಿದಾಗ ವಯಸ್ಸಿಗೆ ಮದ್ದಿಲ್ಲ ಎಂದಿದ್ದರು. ನೋವು ಹೆಚ್ಚಾಗಿದೆ ಎಂದು ನಮಗೆ ಅನ್ನಿಸಿದ ದಿನ ಫೋನ್ ಮಾಡಬೇಕು, ಅವರು ಬಂದು ಸೂಜಿಮದ್ದು ಕೊಟ್ಟು ಶಾಶ್ವತವಾಗಿ ಮಲಗಿಸಿಬಿಡುತ್ತಾರೆ. ಆ ದಿನ ಯಾವುದೆಂದು ಗುರುತಿಸುವ ಕೆಲಸ ಮಾತ್ರ ನಮ್ಮದು.

ಅಮ್ಮ ಆಗಾಗ ಮೆಲ್ಲಗೆ ಆ ಮಾತು ತೆಗೆಯುತ್ತಿದ್ದರು. ಅಪ್ಪ ಪ್ರತಿ ಸಲವೂ ಅಂಗಿಯನ್ನೇ ಸಾಕ್ಷಿಗೆ ಕರೆಯುತ್ತಿದ್ದರು. ನೋಡು, ಹೊಲಿದ ದಿನ ಹೇಗಿತ್ತೋ ಹಾಗೇ ಮೈಗೆ ಕೂತಿದೆ, ಮೈ ಇಳಿದಿದ್ದರೆ ಜೋತುಬೀಳುತ್ತಿರಲಿಲ್ಲವೇ? ಟೈಲರನ ಕಣ್ಣಿಗೆ ಎದುರಾಡುವವರು ಯಾರು. ನಮಗೂ ಅದನ್ನು ನಂಬುವುದೇ ಬೇಕಾಗಿತ್ತು. ಅಂಗಿಯನ್ನು ಬಿಚ್ಚುವುದು, ಒಗೆಯುವುದು, ತೊಡಿಸುವುದು ಎಲ್ಲವನ್ನೂ ಅಪ್ಪ ತಾವೇ ಮಾಡುತ್ತಿದ್ದರು. ನನ್ನದಂತೂ ಮಾತೆಲ್ಲ ಡೈರಿಗೆ ಹೋಗುತ್ತಿತ್ತು. ಬಾಯಿಗೆ ಉಳಿಯುತ್ತಿದ್ದುದು ‘ಹೂಂ’ ಒಂದೇ.

ಅವತ್ತು ಅಪ್ಪ ಲೈನಿಂಗ್ ಬಟ್ಟೆ ತರಲು ಪೇಟೆಗೆ ಹೋಗಿದ್ದರು. ದೊರೆ ಮಲಗಿದಲ್ಲೇ ಒದ್ದೆ ಮಾಡಿಕೊಂಡಿತು. ಅಂಗಿ ನೆನೆದಿತ್ತು. ನಾನೇ ಗುಂಡಿ ಬಿಚ್ಚಿದೆ.

ಒಳಗೆ ನಾಯಿ ಅರ್ಧ ಮಾತ್ರ ಇತ್ತು. ಪಕ್ಕೆಲುಬುಗಳ ಮೇಲೆ ತೊಗಲು ಹೊದಿಸಿಟ್ಟಂತೆ. ಅಂಗಿಯನ್ನು ಒಳಮೈ ಹೊರಗೆ ಮಾಡಿದೆ. ಎರಡೂ ಪಕ್ಕದಲ್ಲಿ ಒಂದರ ಹಿಂದೊಂದು ಹೊಲಿಗೆಯ ಸಾಲು. ದೊರೆ ಸೊರಗಿದಂತೆಲ್ಲ ಅಪ್ಪ ಅಂಗಿಯನ್ನು ಒಳಗೆ ಹಿಡಿಯುತ್ತ ಬಂದಿದ್ದರು. ಬಟ್ಟೆಯನ್ನು ಮಾತ್ರ ಒಂದಿಷ್ಟೂ ಕತ್ತರಿಸಿರಲಿಲ್ಲ. ಶಾಲೆ ಮಕ್ಕಳ ಬಟ್ಟೆಗೆ ಅವರು ಮಾಡುವುದೇ ಹಾಗೆ: ಹೆಚ್ಚಿನದನ್ನು ಒಳಗೆ ಮಡಚಿಡುವುದು, ಮಗು ಬೆಳೆದಾಗ ಬಿಚ್ಚಿಕೊಡುವುದು. ಇಲ್ಲಿ ಆ ಮಡಿಕೆ ಹಗ್ಗದಷ್ಟು ದಪ್ಪವಾಗಿ ನೇರ ಪಕ್ಕೆಲುಬಿನ ಮೇಲೆ ಕೂತಿತ್ತು. ಅಲ್ಲಿ ಕೂದಲು ಉದುರಿ, ಚರ್ಮ ಕಿತ್ತು, ಹುಣ್ಣು ಒಸರುತ್ತಿತ್ತು.

ನಾನು ಮುಟ್ಟಿದರೆ ದೊರೆ ಕುಂಯ್ ಎನ್ನಲಿಲ್ಲ. ತಪ್ಪು ತನ್ನದೇ ಎಂಬಂತೆ ನನ್ನ ಕೈ ನೆಕ್ಕಿತು.

ಅಪ್ಪ ಬಂದು ಬಾಗಿಲಲ್ಲೇ ನಿಂತರು. ನಾನು ಅಂಗಿಯನ್ನು ಹಾಗೇ ಮುಂದೆ ಚಾಚಿದೆ. ಅವರು ಬಾಗಿ ಹುಣ್ಣನ್ನು ನೋಡಿದರು. ಮಡಿಕೆಯ ಮೇಲೆ ಹೆಬ್ಬೆರಳು ಆಡಿಸಿದರು.

“ಮತ್ತೆ ಮೈ ಬಂದ್ರೆ ಬಿಚ್ಚಿ ಬಿಡೋಣ ಅಂತ ಇಟ್ಟಿದ್ದೆ,” ಎಂದರು.

“ಇನ್ನು ಬರಲ್ಲ ಅಪ್ಪ.”

ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು. ಮೆಟ್ಟಿಲ ಮೇಲಿದ್ದ ಅಮ್ಮ ಅಲ್ಲೇ ಕೂತುಬಿಟ್ಟರು. ಅಪ್ಪ ಮುಲಾಮು ಹಚ್ಚೋಣ, ಹುಣ್ಣು ಮಾಯಲಿ, ಆಮೇಲೆ ಯೋಚಿಸೋಣ ಎಂದೇನೋ ಶುರುಮಾಡಿದರು.

ಫೋನ್ ಮಾಡಿದ್ದು ನಾನೇ. ಸಂಜೆ ತುಂಬ ರೋಗಿಗಳಿದ್ದಾರೆ, ನಾಳೆ ಬೆಳಗ್ಗೆ ಬರಲೇ ಎಂದು ಡಾಕ್ಟರಮ್ಮ ಕೇಳಿದರು. ನಾನು ಅಪ್ಪನ ಮುಖ ನೋಡಿದೆ.

“ನೀನೇ ಹೇಳು ಮಗಳೇ. ನನ್ನ ಕಣ್ಣನ್ನ ನಾನು ನಂಬಲ್ಲ ಈಗ.”

ನಾಳೆ ಎಂದರೆ ಇನ್ನೊಂದು ರಾತ್ರಿ ದೊರೆ ನಮ್ಮದಾಗಿರುತ್ತಿತ್ತು. ಅದರ ಪಾಲಿಗೆ ಆ ರಾತ್ರಿ ಏನೆಂಬುದು ಒಸರುವ ಆ ಗಾಯದಲ್ಲೇ ಕಾಣುತ್ತಿತ್ತು.

“ಎಷ್ಟು ಹೊತ್ತಾದ್ರೂ ಪರವಾಗಿಲ್ಲ. ಇವತ್ತೇ ಬನ್ನಿ,” ಎಂದೆ.

ಅವರು ಬರುವಷ್ಟರಲ್ಲಿ ಅಂಗಡಿಯ ಶಟರ್ ಅರ್ಧ ಎಳೆದಿದ್ದೆವು. ಅಜ್ಜಿ ಗೋಡೆ ಹಿಡಿದುಕೊಂಡು ಇಳಿದು ಬಂದು ದೊರೆಯ ಹಣೆ ಮುಟ್ಟಿದರು. “ಸಾಲಲ್ಲಿ ಮುಂದೆ ನಿಂತೋಳು ನಾನು ಕಣೋ. ನುಗ್ಗಿ ಹೋಗ್ತಿದ್ದೀಯಲ್ಲ,” ಎಂದವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅಪ್ಪ ನೆಲದ ಮೇಲೆ ಕೂತು ಅದರ ತಲೆಯನ್ನು ತೊಡೆಗೆ ಎಳೆದುಕೊಂಡರು. ಮೊದಲನೇ ಸೂಜಿಗೆ ಅದು ನಿದ್ದೆಹೋಯಿತು. ಎಷ್ಟೋ ದಿನದ ಮೇಲೆ ಕಾಲು ಪೂರ್ತಿ ಚಾಚಿ ಮಲಗಿತು. ಆಮೇಲೆ ಎರಡನೆಯದು.

ಡಾಕ್ಟರಮ್ಮ ಎದೆಗೆ ಸ್ಟೆತಸ್ಕೋಪ್ ಇಟ್ಟು ಆಲಿಸಿ, ನನ್ನ ಕಡೆ ನೋಡಿ ತಲೆಯಾಡಿಸಿದರು. ಅಪ್ಪ ಅದರ ಕಿವಿಯ ಹಿಂದೆ ಸವರುತ್ತಲೇ ಇದ್ದರು. ಅದು ಹೋಯಿತೆಂದು ಅಪ್ಪನಿಗೆ ಹೇಳಬೇಕಾದವಳು ನಾನೇ ಎಂದು ಗೊತ್ತಿತ್ತು. ಹೇಳಲಿಲ್ಲ. ಪಕ್ಕದಲ್ಲಿ ಕೂತು ನಾನೂ ಇನ್ನೊಂದು ಕಿವಿ ಸವರತೊಡಗಿದೆ.